ಶಕ್ತಿಖಡ್ಗಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡು ಮತ್ತು ಮಂಜೇಶ್ವರ ತಾಲೂಕುಗಳ ಕನ್ನಡ ಶಾಲೆಗಳಲ್ಲಾಗಲಿ ಊರಿನ ವಾಚನಾಲಯಗಳಲ್ಲಾಗಲಿ ವಿಜ್ಞಾನ ಕಥೆಗಳ ಮಾತು ಹೊರಟರೆ, ರಾಕೆಟ್ಟು ರೋಬೋಟುಗಳಿಗಿಂತ ಮೊದಲು ಚರ್ಚೆಗೆ ಬರುವುದು ಹೊಳೆಯುವ ಕತ್ತಿ. ಕೇಳುವವರಲ್ಲಿ ಎಂಟನೆಯ ತರಗತಿಯ ಮಕ್ಕಳಿಂದ ಹಿಡಿದು ತಾಳಮದ್ದಳೆಯ ಹವ್ಯಾಸಿ ಅರ್ಥಧಾರಿಗಳವರೆಗೆ ಎಲ್ಲರೂ ಇದ್ದಾರೆ. ಅವರ ಪ್ರಶ್ನೆಗಳಲ್ಲಿ ಮತ್ತೆ ಮತ್ತೆ ಬರುವವುಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ಶಕ್ತಿಖಡ್ಗ ಎಂದು ಯಾವುದನ್ನು ಕರೆಯಬೇಕು?

ಹಿಡಿಕೆ ಕೈಯಲ್ಲಿದ್ದು, ಅಲಗು ಮಾತ್ರ ಲೋಹದ ಬದಲು ಬೆಳಕು, ಪ್ಲಾಸ್ಮಾ, ಬಲಕ್ಷೇತ್ರ (ಫೋರ್ಸ್ ಫೀಲ್ಡ್) ಅಥವಾ ಮನಶ್ಶಕ್ತಿಯಿಂದ ಆಗಿದೆ ಎಂದು ಕತೆ ಹೇಳುವ ಆಯುಧಗಳನ್ನೆಲ್ಲ ಈ ಗುಂಪಿಗೆ ಸೇರಿಸಬಹುದು. ಸ್ಟಾರ್ ವಾರ್ಸ್‌ನ ಲೈಟ್‌ಸೇಬರ್, 1979ರಲ್ಲಿ ಜಪಾನಿನ ದೂರದರ್ಶನದಲ್ಲಿ ಬಂದ ಮೊಬೈಲ್ ಸೂಟ್ ಗುಂಡಮ್ ಸರಣಿಯ ಬೀಮ್ ಸೇಬರ್, 2001ರಲ್ಲಿ ಆರಂಭವಾದ ಹೇಲೋ ವಿಡಿಯೋ ಆಟಗಳ ಕವಲು ಅಲಗಿನ ಖಡ್ಗ, ಎಕ್ಸ್-ಮೆನ್ ಕಾಮಿಕ್ಸ್‌ನ ಸೈಲಾಕ್ ಎಂಬಾಕೆಯ ಮನಸ್ಸಿನ ಚೂರಿ, ಇವೆಲ್ಲ ನಿಸ್ಸಂದೇಹವಾಗಿ ಇದರೊಳಗೆ ಬರುತ್ತವೆ. ಉಲ್ಕೆಯ ಲೋಹದಿಂದ ಮಾಡಿದ, ಶಾಪ ಹೊತ್ತ, ಮಾರ್ವೆಲ್ ಕಾಮಿಕ್ಸ್‌ನ ಬ್ಲ್ಯಾಕ್ ನೈಟ್ ಎಂಬ ವೀರನ ಎಬನಿ ಬ್ಲೇಡ್ ಎಷ್ಟೇ ಅದ್ಭುತವಾಗಿದ್ದರೂ ಲೋಹದ ಕತ್ತಿಯೇ ಆದ್ದರಿಂದ ಹೊರಗುಳಿಯುತ್ತದೆ.

ಗಡಿಯ ಮೇಲೆ ನಿಲ್ಲುವ ಒಂದು ಉದಾಹರಣೆ ನನಗೆ ಬಹಳ ಇಷ್ಟ. ಲ್ಯಾರಿ ನಿವೆನ್ ಅವರ 1970ರ ರಿಂಗ್‌ವರ್ಲ್ಡ್ ಕಾದಂಬರಿಯ ಖಡ್ಗದಲ್ಲಿ ಅಲಗು ಎಂದರೆ ಕಣ್ಣಿಗೆ ಕಾಣದಷ್ಟು ತೆಳುವಾದ ಒಂದು ತಂತಿ. ಅದನ್ನು ಬಾಗದಂತೆ ನೆಟ್ಟಗೆ ನಿಲ್ಲಿಸುವುದು ಮಾತ್ರ ಬಲಕ್ಷೇತ್ರ. ಅಲಗು ಎಲ್ಲಿಗೆ ಮುಗಿಯುತ್ತದೆಂದು ಹಿಡಿದವನಿಗೇ ತಿಳಿಯದೆ ತನ್ನ ಕಾಲನ್ನೇ ಕಡಿದುಕೊಳ್ಳಬಾರದಲ್ಲ, ಅದಕ್ಕಾಗಿ ತುದಿಯಲ್ಲಿ ಒಂದು ಚಿಕ್ಕ ಕೆಂಪು ಗುಂಡು ಹೊಳೆಯುತ್ತಿರುತ್ತದೆ. ಆ ಗುಂಡೊಂದರಿಂದಲೇ ಆಯುಧದ ಮೇಲೆ ಓದುಗನಿಗೆ ನಂಬಿಕೆ ಹುಟ್ಟುತ್ತದೆ.

ಈ ಕಲ್ಪನೆ ಸ್ಟಾರ್ ವಾರ್ಸ್‌ನಿಂದಲೇ ಹುಟ್ಟಿತೇ?

ಇಲ್ಲ. ಆ ಚಿತ್ರ ತೆರೆಗೆ ಬಂದದ್ದು 1977ರ ಮೇ 25ರಂದು. ಅದಕ್ಕೆ ನಾಲ್ಕು ದಶಕಗಳಿಗೂ ಹಿಂದೆ, 1933ರಲ್ಲಿ, ಅಮೆರಿಕದ ಎಡ್ಮಂಡ್ ಹ್ಯಾಮಿಲ್ಟನ್ ಬರೆದ 'ಕಾಲ್ಡರ್, ವರ್ಲ್ಡ್ ಆಫ್ ಅಂಟಾರೆಸ್' ಕತೆಯಲ್ಲಿ ಬೆಳಕಿನ ಖಡ್ಗಗಳಿವೆ. ನೋಡಲು ಲೋಹದ ನೀಳ ಕತ್ತಿಯಂತೆಯೇ ಇರುವ ಅದರ ಹಿಡಿಕೆಯನ್ನು ಬಿಗಿಹಿಡಿದಾಗ, ಒಳಗೆ ಅಡಗಿದ್ದ ಶಕ್ತಿ ಅಲಗಿಗೆ ಹರಿದು ತಾಗಿದ್ದನ್ನೆಲ್ಲ ನಾಶಮಾಡುತ್ತದೆ. 1943ರ ಫ್ರಿಟ್ಜ್ ಲೈಬರ್ ಅವರ 'ಗ್ಯಾದರ್, ಡಾರ್ಕ್‌ನೆಸ್!' ಕಾದಂಬರಿಯಲ್ಲಿ ಇಬ್ಬರು ಕಿರಣ ಸೂಸುವ ದಂಡಗಳನ್ನು ಹಿಡಿದು ಕತ್ತಿವರಸೆಯಂತೆ ಕಾದಾಡುತ್ತಾರೆ. ಒಂದು ಕಿರಣ ಇನ್ನೊಂದನ್ನು ದಾಟಲಾರದು ಎಂಬ ನಿಯಮವನ್ನು ಲೇಖಕರು ಅಲ್ಲಿ ಹಾಕಿಕೊಂಡಿದ್ದಾರೆ. ಈ ಒಂದು ನಿಯಮ ಇಲ್ಲದಿದ್ದರೆ ಮುಂದಿನ ಯಾವ ಶಕ್ತಿಖಡ್ಗದ ಕಾಳಗವೂ ಸಾಧ್ಯವಾಗುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಸ್ಟಾರ್ ವಾರ್ಸ್ ಕೊಟ್ಟದ್ದು ರೂಪ ಮತ್ತು ನಾದ. ಸೆಟ್ ಅಲಂಕಾರದ ಹೊಣೆ ಹೊತ್ತಿದ್ದ ರೋಜರ್ ಕ್ರಿಶ್ಚಿಯನ್ ಅವರು ಲಂಡನ್ನಿನ ಫೋಟೋಗ್ರಫಿ ಅಂಗಡಿಯೊಂದರಲ್ಲಿ ಸಿಕ್ಕಿದ ಹಳೆಯ ಗ್ರಾಫ್ಲೆಕ್ಸ್ ಕ್ಯಾಮೆರಾದ ಫ್ಲ್ಯಾಶ್ ಹಿಡಿಕೆಗೆ ಕೆಲವು ಬಿಡಿಭಾಗಗಳನ್ನು ಅಂಟಿಸಿ ನಾಯಕನ ಆಯುಧವನ್ನು ಸಿದ್ಧಪಡಿಸಿದರು. ಅಲಗಿನ ಜಾಗದಲ್ಲಿ ಬೆಳಕನ್ನು ಪ್ರತಿಫಲಿಸುವ ಪದರ ಮೆತ್ತಿದ ಕೋಲುಗಳನ್ನು ಬಳಸಿ ಚಿತ್ರೀಕರಿಸಿ, ಹೊಳಪನ್ನು ಆಮೇಲೆ ಚೌಕಟ್ಟು ಚೌಕಟ್ಟಾಗಿ ಬಿಡಿಸಿ ಸೇರಿಸಲಾಯಿತು.

ನಮ್ಮ ಪುರಾಣಗಳಲ್ಲಿ ಇದು ಮೊದಲೇ ಇತ್ತಲ್ಲವೇ?

ಯಕ್ಷಗಾನ ನೋಡಿ ಬೆಳೆದವರು ತಪ್ಪದೆ ಕೇಳುವ ಪ್ರಶ್ನೆ ಇದು. ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳು ಇಂದಿಗೂ ಆಡಲ್ಪಡುವ ನೆಲದಲ್ಲಿ ಇದನ್ನು ಕೇಳದಿದ್ದರೇ ಆಶ್ಚರ್ಯ. ಮಹಾಭಾರತದ ಶಾಂತಿಪರ್ವದಲ್ಲಿ, ಬಿಲ್ಲು ಮೇಲೋ ಖಡ್ಗ ಮೇಲೋ ಎಂಬ ಜಿಜ್ಞಾಸೆಯಿಂದ ನಕುಲನು ಶರಶಯ್ಯೆಯ ಭೀಷ್ಮನನ್ನು ಕೇಳಿದಾಗ, ಭೀಷ್ಮನು ಖಡ್ಗದ ಹುಟ್ಟನ್ನು ವಿವರಿಸುತ್ತಾನೆ: ಬ್ರಹ್ಮನ ಯಜ್ಞಾಗ್ನಿಯಿಂದ ಕನ್ನೈದಿಲೆಯ ಬಣ್ಣದ, ತೀಕ್ಷ್ಣ ಹಲ್ಲುಗಳ, ನೋಡಲಾರದಷ್ಟು ತೇಜಸ್ಸಿನ ಒಂದು ಭೂತ ಎದ್ದುಬಂದು, ಅದೇ 'ಅಸಿ'ಯಾಗಿ ಖಡ್ಗದ ಆಕಾರ ತಳೆದು ರುದ್ರನ ಕೈ ಸೇರುತ್ತದೆ. ಬೆಂಕಿಯಿಂದ ಎದ್ದ, ಜೀವವುಳ್ಳ ಖಡ್ಗವನ್ನು ಇದಕ್ಕಿಂತ ಗಟ್ಟಿಯಾಗಿ ಯಾವ ಕಾಮಿಕ್ಸೂ ಚಿತ್ರಿಸಿಲ್ಲ.

ಹಾಗೆಂದು ಇದನ್ನು ಪ್ರಾಚೀನ ತಂತ್ರಜ್ಞಾನಕ್ಕೆ ಸಾಕ್ಷಿ ಎಂದು ಎಳೆದು ತರುವುದು ಪುರಾಣಕ್ಕೂ ವಿಜ್ಞಾನಕ್ಕೂ ಮಾಡುವ ಅನ್ಯಾಯ. ಹೋಲಿಕೆ ಬೇರೆ ಕಡೆ ಇದೆ. ಉತ್ತರಕಾಂಡದಲ್ಲಿ ಶಿವನು ರಾವಣನಿಗೆ ಚಂದ್ರಹಾಸವನ್ನು ಕೊಡುವಾಗ, ಇದನ್ನು ಅವಮಾನಿಸಿದರೆ ಇದು ನನ್ನ ಬಳಿಗೇ ಮರಳುತ್ತದೆ ಎಂಬ ಷರತ್ತನ್ನೂ ಜೊತೆಗೆ ಹೇಳುತ್ತಾನೆ. ಏನನ್ನು ಬೇಕಾದರೂ ಕಡಿಯಬಲ್ಲ ಆಯುಧದಲ್ಲಿ ಕತೆ ಉಳಿಯಬೇಕಾದರೆ ಅದಕ್ಕೊಂದು ಕಟ್ಟು ಬೇಕು. ವರ ಕೊಟ್ಟವರೆಲ್ಲ ಅದರಲ್ಲೊಂದು ಸಂದು ಬಿಟ್ಟೇ ಕೊಡುವ ನಮ್ಮ ಕಥಾಪರಂಪರೆಗೆ ಇದು ಚೆನ್ನಾಗಿ ತಿಳಿದಿತ್ತು, ಒಳ್ಳೆಯ ಕಾಮಿಕ್ಸ್ ಲೇಖಕರಿಗೂ ತಿಳಿದಿದೆ.

ಲೇಸರ್‌ನಿಂದ ಇಂಥ ಕತ್ತಿ ಮಾಡಬಹುದೇ?

ಆಗದು. ಬೆಳಕು ಮೂರಡಿ ಹೋಗಿ ತಾನಾಗಿ ನಿಲ್ಲುವುದಿಲ್ಲ. ಏನಾದರೂ ಅಡ್ಡ ಬರುವವರೆಗೆ ಅದು ಮುಂದುವರಿಯುತ್ತಲೇ ಇರುತ್ತದೆ. ಶುದ್ಧ ಗಾಳಿಯಲ್ಲಿ ಲೇಸರ್ ಕಿರಣ ಪಕ್ಕದಿಂದ ಬಹುಮಟ್ಟಿಗೆ ಕಾಣುವುದೂ ಇಲ್ಲ. ಧೂಳು, ಹೊಗೆ ಅಥವಾ ಮಂಜು ಅದನ್ನು ಚದುರಿಸಿದಾಗ ಮಾತ್ರ ಗೆರೆ ಕಾಣುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಎರಡು ಕಿರಣಗಳು ಪರಸ್ಪರ ತಡೆಯುವುದಿಲ್ಲ, ಒಂದರೊಳಗಿಂದ ಒಂದು ಹಾದುಹೋಗುತ್ತವೆ. ಇಬ್ಬರು ವೀರರು ಲೇಸರ್ ಹಿಡಿದು ಹೋರಾಡಿದರೆ ಮೊದಲ ಬೀಸಿಗೇ ಇಬ್ಬರ ಕತೆಯೂ ಮುಗಿದಂತೆ.

2013ರಲ್ಲಿ ಹಾರ್ವರ್ಡ್ ಮತ್ತು ಎಂಐಟಿಯ ವಿಜ್ಞಾನಿಗಳು, ಅತಿಶೀತಲವಾದ ರುಬಿಡಿಯಂ ಪರಮಾಣುಗಳ ಮೋಡದೊಳಗೆ ಎರಡು ಫೋಟಾನುಗಳು, ಅಂದರೆ ಬೆಳಕಿನ ಕಣಗಳು, ಒಂದನ್ನೊಂದು ಸೆಳೆದು ಜೋಡಿಯಾಗಿ ಹೊರಬರುವಂತೆ ಮಾಡಿದರು. ಪತ್ರಿಕೆಗಳು ಇದನ್ನು ಲೈಟ್‌ಸೇಬರ್ ಬಂತು ಎಂದೇ ಬರೆದವು. ಪ್ರಯೋಗ ನಿಜಕ್ಕೂ ಸೊಗಸಾದದ್ದು. ಆದರೆ ಆ ಆಕರ್ಷಣೆ ಮೋಡದೊಳಗಿನ ಪರಮಾಣುಗಳ ಮಧ್ಯಸ್ಥಿಕೆಯಿಂದ ಒದಗಿದ್ದೇ ಹೊರತು ಬರಿಯ ಗಾಳಿಯಲ್ಲಿ ಆಗುವಂಥದ್ದಲ್ಲ.

ಹಾಗಾದರೆ ಪ್ಲಾಸ್ಮಾ?

ಇದು ಸ್ವಲ್ಪ ಮರ್ಯಾದೆಗೆ ಅರ್ಹವಾದ ಊಹೆ. ಅನಿಲವನ್ನು ಅದರ ಎಲೆಕ್ಟ್ರಾನುಗಳು ಕಳಚಿಕೊಳ್ಳುವಷ್ಟು ಕಾಯಿಸಿದರೆ ಪ್ಲಾಸ್ಮಾ ಆಗುತ್ತದೆ. ಅದು ತಾನೇ ಹೊಳೆಯುತ್ತದೆ, ಲೋಹವನ್ನು ಕತ್ತರಿಸುತ್ತದೆ, ವಿದ್ಯುದಾವೇಶವಿರುವುದರಿಂದ ಕಾಂತಕ್ಷೇತ್ರಕ್ಕೆ ಮಣಿಯುತ್ತದೆ. ತುಲಾ ಮಾಸದ ಸಂಜೆಗಳಲ್ಲಿ ನಮ್ಮ ಗುಡ್ಡಗಳ ಮೇಲೆ ಎರಗುವ ಸಿಡಿಲಿನ ಜಾಡೂ ಪ್ಲಾಸ್ಮಾವೇ, ಅದರ ಉಷ್ಣತೆ ಸೂರ್ಯನ ಮೇಲ್ಮೈಯ ಸುಮಾರು ಐದು ಪಟ್ಟು. ವರ್ಕ್‌ಶಾಪುಗಳ ಪ್ಲಾಸ್ಮಾ ಕಟರ್ ಕೂಡ ಇದೇ ತತ್ತ್ವದಿಂದ ಉಕ್ಕಿನ ಹಾಳೆಯನ್ನು ಕತ್ತರಿಸುತ್ತದೆ, ಆದರೆ ಅದರ ಜ್ವಾಲೆಯ ಉದ್ದ ಕೆಲವೇ ಬೆರಳಿನಷ್ಟು.

ತೊಂದರೆ ಇರುವುದು ಅದನ್ನು ಕತ್ತಿಯ ಆಕಾರದಲ್ಲಿ ಹಿಡಿದು ನಿಲ್ಲಿಸುವುದರಲ್ಲಿ. ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯಲ್ಲಿ 1989ರಲ್ಲಿ ಕೆಲಸ ಆರಂಭಿಸಿದ ಆದಿತ್ಯ ಟೋಕಮಾಕ್ ಯಂತ್ರದಂಥವುಗಳಲ್ಲಿ ಕಾಂತಕ್ಷೇತ್ರದ ಬೇಲಿಯೊಳಗೆ ಪ್ಲಾಸ್ಮಾವನ್ನು ಇರಿಸುತ್ತಾರೆ. ಆದರೆ ಅದು ಉಂಗುರದಂತೆ ಸುತ್ತಿ ಮುಚ್ಚಿದ ನಿರ್ವಾತದ ಪಾತ್ರೆ, ಸುತ್ತಲೂ ಭಾರೀ ಸುರುಳಿಗಳು. ಒಳಗಿನ ಪ್ಲಾಸ್ಮಾವಾದರೋ ನಾವು ಉಸಿರಾಡುವ ಗಾಳಿಗಿಂತ ಲಕ್ಷಾಂತರ ಪಟ್ಟು ವಿರಳ. ಹಿಡಿಕೆಯೊಳಗೆ ಕೂತ ಒಂದು ಸಾಧನ ತನ್ನ ಮುಂದೆ ಮೂರಡಿ ದೂರದವರೆಗೆ, ತುದಿ ಮುಚ್ಚಿದ ಕಾಂತಕ್ಷೇತ್ರವನ್ನು ತೆರೆದ ಗಾಳಿಯಲ್ಲಿ ನಿಲ್ಲಿಸುವ ದಾರಿ ಯಾರಿಗೂ ಗೊತ್ತಿಲ್ಲ. ಗುಂಡಮ್ ಲೇಖಕರು ಇದಕ್ಕಾಗಿ ಮಿನೋವ್‌ಸ್ಕಿ ಕಣ ಎಂಬ ಹೊಸ ಕಣವನ್ನೇ ಸೃಷ್ಟಿಸಿಕೊಂಡರು. ಆ ಒಂದು ಸುಳ್ಳಿನಿಂದಲೇ ರೇಡಾರ್ ಕೆಲಸಮಾಡದಿರುವುದು, ಹಾಗಾಗಿ ಆ ಸರಣಿಯ ದೈತ್ಯ ಯುದ್ಧಯಂತ್ರಗಳು ಹತ್ತಿರ ಬಂದೇ ಹೋರಾಡಬೇಕಾಗುವುದು, ಅದಕ್ಕಾಗಿ ಕತ್ತಿ ಬೇಕಾಗುವುದು, ಎಲ್ಲವೂ ಸರಪಳಿಯಾಗಿ ಹೊರಡುತ್ತವೆ. ಕಲ್ಪಿಸುವುದಾದರೆ ಹೀಗೆ ಕಲ್ಪಿಸಬೇಕು.

ಬಾಗಿಲನ್ನು ಕರಗಿಸಲು ಎಷ್ಟು ಶಕ್ತಿ ಬೇಕು?

ಗಣಿತದ ಅಧ್ಯಾಪಕರು ಇದನ್ನು ತರಗತಿಯಲ್ಲೇ ಮಾಡಿಸಬಹುದು. 30 ಸೆಂಟಿಮೀಟರ್ ದಪ್ಪದ ಉಕ್ಕಿನ ಬಾಗಿಲಲ್ಲಿ ಒಂದು ಮೀಟರ್ ಅಗಲದ ವೃತ್ತಾಕಾರದ ದಾರಿಯನ್ನು, 3 ಸೆಂಟಿಮೀಟರ್ ಅಗಲದ ಅಲಗಿನಿಂದ ಕೊರೆಯುತ್ತೇವೆ ಎಂದಿಟ್ಟುಕೊಳ್ಳಿ. ಕರಗಬೇಕಾದ ಉಕ್ಕು ಸುಮಾರು 220 ಕಿಲೋಗ್ರಾಂ. ಕೊಠಡಿಯ ಉಷ್ಣತೆಯಲ್ಲಿರುವ ಒಂದು ಕಿಲೋ ಕಬ್ಬಿಣವನ್ನು ಪೂರ್ತಿ ಕರಗಿಸಲು ಸುಮಾರು 1.3 ಮೆಗಾಜೂಲ್ ಬೇಕು. ಒಟ್ಟು 288 ಮೆಗಾಜೂಲ್, ಅಂದರೆ 80 ಯೂನಿಟ್ ವಿದ್ಯುತ್ತು. ಮಿತವಾಗಿ ಬಳಸುವ ಮನೆಯೊಂದರಲ್ಲಿ ಇದು ತಿಂಗಳ ಖರ್ಚು. ವೀರನು ಇದನ್ನು ಒಂದೇ ನಿಮಿಷದಲ್ಲಿ ಮುಗಿಸಿದರೆ ಅವನ ಮುಷ್ಟಿಯಿಂದ ಹೊರಬರುವ ಸಾಮರ್ಥ್ಯ 4,800 ಕಿಲೋವ್ಯಾಟ್.

ಇಂದಿನ ಉತ್ತಮ ಲಿಥಿಯಂ ಬ್ಯಾಟರಿಗಳಲ್ಲಿ ಇಷ್ಟನ್ನು ತುಂಬಿಸಲು 300 ಕಿಲೋಗೂ ಹೆಚ್ಚು ತೂಕ ಹೊರಬೇಕು. ದ್ರವ್ಯವನ್ನೇ ಪೂರ್ತಿ ಶಕ್ತಿಯಾಗಿ ಪರಿವರ್ತಿಸಬಲ್ಲ ಮಾಯಾಬ್ಯಾಟರಿ ಇದ್ದರೆ ಸುಮಾರು 3 ಮೈಕ್ರೋಗ್ರಾಂ ಸಾಕು. ಆಗಲೂ ಉರಿಯುವ ಅಲಗಿನಿಂದ ಒಂದು ಮೊಳ ದೂರದಲ್ಲಿರುವ ಕೈ ಏಕೆ ಸುಡುವುದಿಲ್ಲ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಸೂಪರ್‌ಹೀರೋ ಕಾಮಿಕ್ಸ್‌ನಲ್ಲಿ ಈ ಖಡ್ಗಗಳು ಹೇಗೆ ಭಿನ್ನ?

ಅಲ್ಲಿ ಯಾರೂ ಬ್ಯಾಟರಿಯ ಲೆಕ್ಕ ಕೇಳುವುದಿಲ್ಲ. ಖಡ್ಗದ ಶಕ್ತಿ ಪಾತ್ರದ ಒಳಗಿನಿಂದಲೇ ಬರುತ್ತದೆ, ಹಾಗಾಗಿ ಖಡ್ಗದ ಮಿತಿಯೂ ಪಾತ್ರದ ಮಿತಿಯೇ ಆಗಿರುತ್ತದೆ. 1940ರಲ್ಲಿ ಬಂದ ಮೊದಲ ಗ್ರೀನ್ ಲ್ಯಾಂಟರ್ನ್ ಅಲನ್ ಸ್ಕಾಟ್ ಮತ್ತು 1959ರಲ್ಲಿ ಬಂದ ಹ್ಯಾಲ್ ಜೋರ್ಡನ್ ಇಬ್ಬರ ಉಂಗುರಗಳೂ ಹಸಿರು ಬೆಳಕಿನಿಂದ ಅದ್ಭುತಗಳನ್ನು ಮಾಡಬಲ್ಲವು. ಜೋರ್ಡನ್ ಮನಸ್ಸಿನಲ್ಲಿ ನೆನೆದ ಆಕಾರ, ಕತ್ತಿಯಾಗಲಿ ಗುರಾಣಿಯಾಗಲಿ, ಎದುರಿಗೆ ಮೂಡಿ ನಿಲ್ಲುತ್ತದೆ. ಮೊದಲನೆಯವನ ಶಕ್ತಿಗೆ ಮರ ಅಡ್ಡಿ, ಎರಡನೆಯವನ ಶಕ್ತಿಗೆ ಹಳದಿ ಬಣ್ಣ ಅಡ್ಡಿ. ಬಾಹ್ಯಾಕಾಶದ ರಕ್ಷಕನೊಬ್ಬ ಹಳದಿ ಬಣ್ಣದೆದುರು ನಿಸ್ಸಹಾಯಕನಾಗುವುದು ನಗೆ ತರಿಸಬಹುದು, ಆದರೆ ಆ ಅಡ್ಡಿಯೇ ದಶಕಗಳ ಕಾಲ ಕತೆಗಳನ್ನು ಓಡಿಸಿತು.

ಸೈಲಾಕ್ 1989ರಿಂದ ಬಳಸುವ ಚೂರಿ ಅವಳ ಇಡೀ ಮನಶ್ಶಕ್ತಿ ಮುಷ್ಟಿಯ ಮುಂದೆ ಒಂದೆಡೆ ಸೇರಿ ಮೂಡಿದ ಅಲಗು. ಅದು ಚರ್ಮವನ್ನು ಕೊಯ್ಯುವುದಿಲ್ಲ. ಹಣೆಗೆ ಇರಿದರೆ ಗಾಯವಿಲ್ಲದೆ ಪ್ರಜ್ಞೆ ತಪ್ಪುತ್ತದೆ. ರಕ್ತ ಸುರಿಯದ ಈ ಇರಿತ ಚಿತ್ರಕಾರನಿಗೆ ದೊಡ್ಡ ಅನುಕೂಲ, ಏಕೆಂದರೆ ಗಾಯ ತೋರಿಸಲಾಗದ ಕಡೆ ಅವನು ಮುಖಭಾವವನ್ನೇ ಬಿಡಿಸಬೇಕಾಗುತ್ತದೆ.

ಈ ಸಾಲಿನಲ್ಲಿ ನನಗೆ ಅತ್ಯಂತ ಸಮರ್ಥವೆನಿಸುವುದು ಮ್ಯಾಜಿಕ್ ಎಂಬ ಹೆಸರಿನ ಇಲಿಯಾನಾ ರಸ್ಪುತಿನಾಳ ಸೋಲ್‌ಸೋರ್ಡ್. 1983–84ರ ನಾಲ್ಕು ಸಂಚಿಕೆಗಳ ಕಿರುಸರಣಿಯಲ್ಲಿ, ಲಿಂಬೋ ಎಂಬ ನರಕಸದೃಶ ಲೋಕದಲ್ಲಿ ಬಾಲ್ಯವನ್ನೆಲ್ಲ ಕಳೆದುಕೊಂಡ ಹುಡುಗಿ ಬೇರೆ ಯಾವ ಆಯುಧವೂ ಸಿಗದೆ ತನ್ನ ಆತ್ಮದಿಂದಲೇ ಈ ಖಡ್ಗವನ್ನು ಹೊರಸೆಳೆಯುತ್ತಾಳೆ. ಮಾಟಮಂತ್ರಗಳನ್ನು ಅದು ಸೀಳುತ್ತದೆ, ಸಾಮಾನ್ಯ ಮನುಷ್ಯರ ಮೈಯನ್ನು ಏನೂ ಮಾಡದೆ ಹಾದುಹೋಗುತ್ತದೆ. ಮುಂದಿನ ಕತೆಗಳಲ್ಲಿ ಅವಳು ಅದನ್ನು ಬಳಸುತ್ತ ಹೋದಂತೆ ಮೈಮೇಲೆ ಬೆಳ್ಳಿಯಂಥ ಕವಚ ಸ್ವಲ್ಪ ಸ್ವಲ್ಪವಾಗಿ ಹರಡುತ್ತದೆ. ಮೊದಲು ತೋಳು, ಆಮೇಲೆ ಭುಜ. ಕವಚ ಹೆಚ್ಚಿದಷ್ಟೂ ಒಳಗಿನ ಹುಡುಗಿ ಕಡಿಮೆಯಾಗುತ್ತಿದ್ದಾಳೆ ಎಂಬುದನ್ನು ಒಂದು ಮಾತೂ ಇಲ್ಲದೆ ಚಿತ್ರವೇ ಹೇಳಿಬಿಡುತ್ತದೆ. ನಾಯಕಿ ಗೆದ್ದ ಪ್ರತಿ ಹೋರಾಟದ ಬೆಲೆಯನ್ನು ಓದುಗನು ಅವಳ ತೋಳಿನ ಮೇಲೇ ನೋಡಬಹುದು.

ಕಾಗದದ ಮೇಲೆ ಹೊಳಪನ್ನು ಹೇಗೆ ತರುತ್ತಾರೆ?

ಹೊಸಬರು ಮಾಡುವ ಸಾಮಾನ್ಯ ತಪ್ಪೆಂದರೆ ಅಲಗಿಗೆ ಕಡುಬಣ್ಣ ತುಂಬುವುದು. ಹಾಗೆ ಮಾಡಿದರೆ ಅದು ಬಣ್ಣ ಹಚ್ಚಿದ ಬೆತ್ತವಾಗುತ್ತದೆ. ಅಲಗಿನ ನಡುವನ್ನು ಕಾಗದದ ಬಿಳಿಯಾಗಿಯೇ ಬಿಟ್ಟು, ಅಂಚಿನ ಕಪ್ಪು ಗೆರೆಯನ್ನು ತೆಗೆದುಹಾಕಿ, ಬಿಳಿಯ ಹೊರಗೆ ಬಣ್ಣದ ತೆಳು ಪಟ್ಟಿಯನ್ನು ಎಳೆದು, ಅದು ಹೊರಹೊರಗೆ ಮಾಸುತ್ತ ಹೋಗುವಂತೆ ಮಾಡಬೇಕು. ಸುತ್ತಲಿನ ಹಿನ್ನೆಲೆ ಕಪ್ಪಾದಷ್ಟೂ ಬಿಳಿ ಉರಿಯುತ್ತದೆ. ಮುಖ್ಯವಾಗಿ, ಹಿಡಿದವನ ಬೆರಳಿನ ಗೆಣ್ಣು, ಗಲ್ಲದ ಕೆಳಭಾಗ, ಮೂಗಿನ ಒಂದು ಬದಿ, ಇವುಗಳಿಗೆ ಅಲಗಿನ ಬಣ್ಣದ ಛಾಯೆ ಬೀಳಬೇಕು. ಕತ್ತಿ ಹೊಳೆಯುತ್ತಿದೆಯೆಂದು ನಮ್ಮ ಕಣ್ಣಿಗೆ ಖಾತರಿಯಾಗುವುದು ಮುಖದ ಮೇಲೆ ಬಿದ್ದ ಬೆಳಕಿನಿಂದ. ಯಕ್ಷಗಾನದ ಆಟದಲ್ಲಿ ಮಹಿಷಾಸುರನ ಪ್ರವೇಶಕ್ಕೆ ದೊಂದಿಗೆ ರಾಳದ ಪುಡಿ ಎಸೆದಾಗ, ಬೆಂಕಿಗಿಂತ ಹೆಚ್ಚಾಗಿ ಆ ಬೆಳಕಿನಲ್ಲಿ ಮಿನುಗುವ ವೇಷದ ಮೇಲೆಯೇ ನಮ್ಮ ಕಣ್ಣು ನೆಡುವುದನ್ನು ಗಮನಿಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಬಣ್ಣಗಳಿಗೆ ನಿಶ್ಚಿತ ಅರ್ಥವಿದೆಯೇ?

ಆರಂಭದಲ್ಲಿ ಇರಲಿಲ್ಲ. 1977ರಲ್ಲಿ ಮಾರ್ವೆಲ್ ಹೊರತಂದ ಸ್ಟಾರ್ ವಾರ್ಸ್ ಕಾಮಿಕ್ಸ್‌ನ ಮೊದಲ ಸಂಚಿಕೆಯ ಮುಖಪುಟದಲ್ಲಿ ನಾಯಕ ಲ್ಯೂಕ್‌ನ ಕೈಯಲ್ಲೇ ಕೆಂಪು ಅಲಗಿದೆ. ಕೆಂಪು ಖಳರಿಗೆ ಎಂಬ ಕಟ್ಟು ಗಟ್ಟಿಯಾದದ್ದು ಚಿತ್ರಗಳಿಂದ. 1983ರ ಚಿತ್ರದಲ್ಲಿ ಲ್ಯೂಕ್‌ನಿಗೆ ಹಸಿರು ಬಂದದ್ದು ನೀಲಿ ಆಕಾಶದೆದುರು ನೀಲಿ ಅಲಗು ಎದ್ದುಕಾಣದು ಎಂಬ ಕಾರಣಕ್ಕೆ, 2002ರ ಚಿತ್ರದಲ್ಲಿ ನೇರಳೆ ಬಂದದ್ದು ನಟ ಸ್ಯಾಮ್ಯುಯೆಲ್ ಎಲ್. ಜಾಕ್ಸನ್ ಅದನ್ನೇ ಬೇಕೆಂದು ಕೇಳಿದ್ದಕ್ಕೆ. ತತ್ತ್ವಾರ್ಥಗಳನ್ನೆಲ್ಲ ಆಮೇಲೆ ಹೊಂದಿಸಲಾಯಿತು.

ಆ ಗುಂಯ್‌ಗುಡುವ ಶಬ್ದ ಯಾವುದರದು?

ಧ್ವನಿವಿನ್ಯಾಸಕ ಬೆನ್ ಬರ್ಟ್ ಹಳೆಯ ಸಿನಿಮಾ ಪ್ರೊಜೆಕ್ಟರಿನ ಮೋಟಾರಿನ ಗುಂಯ್‌ಗುಡುವಿಕೆಯನ್ನೂ, ಟಿವಿಯ ಹತ್ತಿರ ಹೋದಾಗ ಕೆಟ್ಟ ಮೈಕ್ ವೈರಿನಲ್ಲಿ ಕೇಳಿಬಂದ ಝೇಂಕಾರವನ್ನೂ ಬೆರೆಸಿದರು. ಬೀಸುವ ಸದ್ದಿಗಾಗಿ, ಆ ಮಿಶ್ರಣವನ್ನು ಸ್ಪೀಕರಿನಲ್ಲಿ ಹಾಕಿ ಅದರ ಮುಂದೆ ಇನ್ನೊಂದು ಮೈಕನ್ನು ಅತ್ತಿತ್ತ ಬೀಸುತ್ತ ಮುದ್ರಿಸಿದರು. ಮೈಕ್ ಹತ್ತಿರ ಬಂದಾಗ ಸ್ಥಾಯಿ ಏರುತ್ತದೆ, ದೂರ ಹೋದಾಗ ಇಳಿಯುತ್ತದೆ. ಕಾಮಿಕ್ಸ್‌ಗೆ ಈ ಭಾಗ್ಯವಿಲ್ಲ, ಅಲ್ಲಿ ಅಕ್ಷರಗಳೇ ವಾಲಿ, ಹಿಗ್ಗಿ, ಬೀಸಿನ ದಿಕ್ಕನ್ನು ತೋರಿಸಬೇಕು.

ಬಂದೂಕು ಇರುವಾಗ ಕತ್ತಿ ಏಕೆ?

ಗುಂಡು ಹಾರಿಸುವವರು ದೂರ ನಿಲ್ಲುತ್ತಾರೆ, ಕತ್ತಿ ಹಿಡಿದವರು ಒಬ್ಬರ ಮುಖ ಒಬ್ಬರಿಗೆ ಕಾಣುವಷ್ಟು ಹತ್ತಿರ ಬರಲೇಬೇಕು, ಮಾತನಾಡಲೂ ಬೇಕು. ಇದೇ ನಿಜವಾದ ಕಾರಣ. ಅದಕ್ಕೊಂದು ಒಳ್ಳೆಯ ನೆಪ ಒದಗಿಸುವುದು ಲೇಖಕನ ಕೆಲಸ. 1965ರ ಡ್ಯೂನ್ ಕಾದಂಬರಿಯಲ್ಲಿ ಶಕ್ತಿಖಡ್ಗವೇ ಇಲ್ಲ, ಬದಲಾಗಿ ಮೈಸುತ್ತ ಬಲಕ್ಷೇತ್ರದ ಕವಚವಿದೆ. ವೇಗವಾಗಿ ಬರುವುದನ್ನೆಲ್ಲ ಅದು ತಡೆಯುತ್ತದೆ, ನಿಧಾನವಾಗಿ ಬರುವುದನ್ನು ಬಿಡುತ್ತದೆ. ಹಾಗಾಗಿ ಅಲ್ಲಿ ಗುಂಡು ವ್ಯರ್ಥ, ನಿಧಾನವಾಗಿ ಒಳನುಗ್ಗಿಸುವ ಚೂರಿಯೇ ಗತಿ.

ಜಾತ್ರೆಯಲ್ಲಿ ಸಿಗುವ ಮಿನುಗುವ ಕತ್ತಿಗಳು ಮಕ್ಕಳಿಗೆ ಸುರಕ್ಷಿತವೇ? ಮನೆಯಲ್ಲೇ ಮಾಡಬಹುದೇ?

ಎಲ್‌ಇಡಿ ಮತ್ತು ಪ್ಲಾಸ್ಟಿಕ್ ಕೊಳವೆಯಿಂದ ಮಾಡಿದ ಆಟಿಕೆಗಳಿಂದ ಕೈಗೆ ಹೊಡೆತ ಬೀಳುವುದರ ಹೊರತು ದೊಡ್ಡ ಅಪಾಯವಿಲ್ಲ. ಆದರೆ ಅಗ್ಗದವುಗಳಲ್ಲಿ ಬಳಸುವ ಗುಂಡಿಯಾಕಾರದ ಸೆಲ್‌ಗಳ ಮುಚ್ಚಳ ಸ್ಕ್ರೂನಿಂದ ಬಿಗಿಯಾಗಿದೆಯೇ ಎಂದು ನೋಡಿಯೇ ಕೊಳ್ಳಬೇಕು. ಚಿಕ್ಕ ಮಕ್ಕಳು ಅದನ್ನು ನುಂಗಿದರೆ ಕೆಲವೇ ಗಂಟೆಗಳಲ್ಲಿ ಅನ್ನನಾಳ ಸುಡುತ್ತದೆ. ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಲೇಸರ್ ಪಾಯಿಂಟರ್ ಅಳವಡಿಸಿದ ಕತ್ತಿಗಳು ಕಣ್ಣಿಗೆ ಅಪಾಯಕಾರಿ, ಅವನ್ನು ಕೊಳ್ಳಲೇಬಾರದು.

2020ರಲ್ಲಿ ಕೆನಡಾದ ಹ್ಯಾಕ್‌ಸ್ಮಿತ್ ತಂಡ ಎಲ್‌ಪಿಜಿ ಮತ್ತು ಆಮ್ಲಜನಕವನ್ನು ಬಳಸಿ, ಬೆನ್ನಿಗೆ ಅನಿಲದ ತೊಟ್ಟಿ ಹೊತ್ತು, ನೀಳವಾದ ಉರಿಯ ಅಲಗನ್ನು ಮಾಡಿ ತೋರಿಸಿತು. ಪಟಾಕಿಯಲ್ಲಿ ಮಾಡುವಂತೆ ಲವಣಗಳನ್ನು ಬೆರೆಸಿ ಬಣ್ಣವನ್ನೂ ಬದಲಿಸಿತು. ಅದು ಲೋಹವನ್ನು ಕತ್ತರಿಸುತ್ತದೆ, ಆದರೆ ಇನ್ನೊಂದು ಅಲಗನ್ನು ತಡೆಯಲಾರದು, ಏಕೆಂದರೆ ಅದು ಉರಿ ಅಷ್ಟೆ. ಅಡುಗೆ ಅನಿಲದ ಸಿಲಿಂಡರ್ ಹಿಡಿದು ಅನುಕರಿಸಲು ಹೊರಡುವವರಿಗೆ ಬೇಡ ಎನ್ನುವುದಕ್ಕಿಂತ ಹೆಚ್ಚಿನ ಉತ್ತರ ಅಗತ್ಯವಿಲ್ಲ. ಕತ್ತಿವರಸೆಯೇ ಬೇಕೆಂದಿದ್ದರೆ ಫ್ರಾನ್ಸಿನ ಫೆನ್ಸಿಂಗ್ ಒಕ್ಕೂಟ 2019ರಲ್ಲಿ ಎಲ್‌ಇಡಿ ಸೇಬರ್ ಕಾಳಗವನ್ನು ಅಧಿಕೃತ ಕ್ರೀಡೆಯಾಗಿ ಸ್ವೀಕರಿಸಿದೆ.

ನಮ್ಮ ಊರಿನ ಹಿನ್ನೆಲೆಯಲ್ಲಿ ಶಕ್ತಿಖಡ್ಗದ ಕತೆ ಬರೆಯಬಹುದೇ?

ಧಾರಾಳವಾಗಿ. ಬಾಲಮಂಗಳದ ಡಿಂಗನನ್ನು ಓದಿ ಬೆಳೆದವರು ಕೈಯಲ್ಲಿ ಆಯುಧ ಬಂದ ಕೂಡಲೇ ನ್ಯೂಯಾರ್ಕಿಗೆ ಓಡಬೇಕಾಗಿಲ್ಲ. ಉದಾಹರಣೆಗೆ, ಎಣ್ಮಕಜೆ, ಬಾಯಾರು ಕಡೆಯ ಸುರಂಗಗಳನ್ನು ತೆಗೆದುಕೊಳ್ಳಿ. ನೀರಿಗಾಗಿ ಗುಡ್ಡದ ಮುರಕಲ್ಲಿನೊಳಗೆ ಅಡ್ಡಕ್ಕೆ ಕೊರೆದ, ಒಬ್ಬ ಆಳು ಬಾಗಿ ಹೋಗುವಷ್ಟು ಇಕ್ಕಟ್ಟಾದ ದಾರಿಗಳು ಅವು. ಪಿಕ್ಕಾಸಿನಿಂದ ತಿಂಗಳುಗಟ್ಟಲೆ ಕಡಿಯುವ ಬದಲು ನಾಯಕನ ಕೈಗೆ ಶಕ್ತಿಖಡ್ಗ ಕೊಟ್ಟರೆ ಏನಾಗುತ್ತದೆ ಎಂದು ಯೋಚಿಸಿದ ಕೂಡಲೇ ಕತೆ ತಾನಾಗಿ ಕಟ್ಟು ಹಾಕಿಕೊಳ್ಳುತ್ತದೆ. ಮುರಕಲ್ಲು ನೀರು ಕುಡಿದ ಕಲ್ಲು. ನೀರು ಆವಿಯಾದಾಗ ಗಾತ್ರ ಸುಮಾರು 1,600 ಪಟ್ಟು ಹಿಗ್ಗುತ್ತದೆ. ಮೊದಲ ಬೀಸಿಗೆ ಎದ್ದ ಹಬೆಗೆ ಆ ಕೊರಕಲಿನಲ್ಲಿ ಹೊರಹೋಗಲು ಇರುವ ದಾರಿ ಒಂದೇ, ಅದರಲ್ಲಿ ನಾಯಕ ನಿಂತಿದ್ದಾನೆ. ಅದನ್ನೂ ಹೇಗೋ ತಪ್ಪಿಸಿಕೊಂಡನೆನ್ನಿ, ಕಲ್ಲಿನ ಮೇಲ್ಮೈ ಕರಗಿ ಆರಿದಾಗ ಗಾಜಿನಂತೆ ಗಟ್ಟಿಕಟ್ಟಿ ರಂಧ್ರಗಳೆಲ್ಲ ಮುಚ್ಚಿಹೋಗುತ್ತವೆ. ಸುರಂಗದಲ್ಲಿ ನೀರು ಒಸರುವುದು ಆ ರಂಧ್ರಗಳಿಂದ. ಕ್ಷಣಾರ್ಧದಲ್ಲಿ ಕೊರೆದ ಸುರಂಗ ನಯವಾಗಿ, ನೇರವಾಗಿ, ಒಂದು ಹನಿ ನೀರಿಲ್ಲದೆ ನಿಂತಿರುತ್ತದೆ, ಅವನು ಮತ್ತೆ ಪಿಕ್ಕಾಸು ಹಿಡಿದು ಆ ಗಾಜಿನ ಪದರವನ್ನು ಅಂಗುಲ ಅಂಗುಲವಾಗಿ ಕೆತ್ತಿ ತೆಗೆಯಬೇಕಾಗುತ್ತದೆ.